ತಿಥಿ ಮನೆಯ ಕಾಲರ್ ಟ್ಯೂನು

ರವಿಕುಮಾರ್: ಅಮ್ಮಾ, ನೀವೇ ಹಾಕಿಸ್ಕೊಂಡಿರೋ ಕಾಲರ್ ಟ್ಯೂನು. ಮೂರು ತಿಂಗಳು ತೆಗೆಯೋಕಾಗಲ್ಲ. ಕಂಪನಿ ರೂಲು.

ಚಿಕ್ಕಲಕ್ಷ್ಮಮ್ಮ: ನಾನು ಹಾಕಿಸ್ಕೊಂಡ್ನಾ? ಮೈದುನ ಸತ್ತ ಸಂತೋಷಕ್ಕೆ?

ವಿಜಯನಗರದ ಮೊಬೈಲ್ ಕಂಪನಿ ಆಫೀಸು. ಕೌಂಟರಿನ ಒಳಗೆ ಟೈ ಕಟ್ಟಿದ ರವಿಕುಮಾರ್, ಹೊರಗೆ ಹೊಸಹಳ್ಳಿಯ ಚಿಕ್ಕಲಕ್ಷ್ಮಮ್ಮ. ಆಕೆಗೆ ಫೋನ್ ಮಾಡಿದವರಿಗೆಲ್ಲ ಸೀಟಿ ಸಮೇತ ಮದುವೆ ಕುಣಿತದ ಹಾಡು ಕೇಳಿಸುತ್ತಿತ್ತು. ನಾಳೆ ಮೈದುನನ ತಿಥಿ.

ರವಿಕುಮಾರ್: ಸೋಮವಾರ ಯಾರಿಗೋ ಫೋನ್ ಮಾಡಿದೀರ. ಅವರ ಹಾಡು ಬರ್ತಿರುವಾಗ ಸ್ಟಾರ್ ಒತ್ತಿದೀರ. ಅಂದ್ರೆ ಆ ಹಾಡು ನಂಗೂ ಬೇಕು ಅಂತ.

ಚಿಕ್ಕಲಕ್ಷ್ಮಮ್ಮ: ತಿಥಿ ಅಡುಗೆಗೆ ಹೇಳೋಣ ಅಂತ ಅಡುಗೆ ತಮ್ಮಣ್ಣಂಗೆ ಮಾಡಿದ್ದೆ. ಮದುವೆ ಅಡುಗೆಯವನು, ಹಾಡು ಇಟ್ಕೊಂಡಿದಾನೆ. ಮಧ್ಯೆ ಒಬ್ಬಳು ಸ್ಟಾರ್ ಒತ್ತಿ, ಸ್ಟಾರ್ ಒತ್ತಿ ಅಂತಿದ್ಳು. ಒತ್ತಿದ್ರೆ ಬಾಯಿ ಮುಚ್ತಾಳೆ ಅಂದ್ಕೊಂಡೆ.

ರವಿಕುಮಾರ್: ಒತ್ತಿದ್ರೆ ಒಪ್ಪಿದ ಹಾಗೆ ಅಮ್ಮ. ಅದೇ ಕರಾರು.

ಚಿಕ್ಕಲಕ್ಷ್ಮಮ್ಮ: ಓಹೋ! ಮನೆ ಬಾಡಿಗೆಗೆ ಕೊಡೋಕೆ ನಮಗೆ ಛಾಪಾ ಕಾಗದ, ಸಾಕ್ಷಿ ಎಲ್ಲಾ ಬೇಕು. ನಿಮಗೆ ಒಂದು ಬೆರಳು ಸಾಕು. ಪುಣ್ಯವಂತರು.

ರವಿಕುಮಾರ್: ಒಂದು ಹಾಡಿಂದ ಏನಮ್ಮ ಮುಳುಗಿಹೋಗೋದು?

ಚಿಕ್ಕಲಕ್ಷ್ಮಮ್ಮ: ನಾಳೆ ನನ್ನ ಓರಗಿತ್ತಿಗೆ ತವರಿನ ಸೀರೆ ತರಬೇಕಾದವರು ಅವಳ ಅಣ್ಣ, ಹೇರೋಹಳ್ಳಿ ಕೆಂಚಪ್ಪನೋರು. ಬೆಳಿಗ್ಗೆ ಫೋನ್ ಮಾಡಿ ಹಾಡು ಕೇಳಿ, 'ನಿಮ್ಮನೇಲಿ ಸಂಭ್ರಮ ಜೋರಾಗಿದೆ, ನಾವ್ಯಾಕಮ್ಮ ಅಡ್ಡ' ಅಂದು ಇಟ್ಬಿಟ್ರು. ಅವರು ಬರದಿದ್ರೆ ಸೀರೆ ನಿಮ್ಮ ಕಂಪನಿ ತರುತ್ತಾ?

ರವಿಕುಮಾರ್: ಗೊತ್ತಿಲ್ದೆ ಯಾರೂ ಸ್ಟಾರ್ ಒತ್ತಲ್ಲ. ಇರಿ, ನನ್ನ ಫೋನಿಂದಲೇ ನಿಮಗೆ ಮಾಡ್ತೀನಿ. ಆ ಹುಡುಗಿ ಎಷ್ಟು ಸ್ಪಷ್ಟವಾಗಿ ಹೇಳ್ತಾಳೆ, ನೀವೇ ಕೇಳಿ.

ಅವನು ಸ್ಪೀಕರ್ ಹಾಕಿ ಫೋನನ್ನು ಕೌಂಟರಿನ ಮೇಲಿಟ್ಟ. ಸೀಟಿ ಆಫೀಸಿಗೆಲ್ಲ ಕೇಳಿಸಿತು. ಚಿಕ್ಕಲಕ್ಷ್ಮಮ್ಮ ಬಗ್ಗಿ, ಅವನ ಫೋನಿನಲ್ಲಿ ಸ್ಟಾರ್ ಗುಂಡಿ ಹುಡುಕಿ, ಸಮಾಧಾನವಾಗಿ ಒತ್ತಿದರು.

ಚಿಕ್ಕಲಕ್ಷ್ಮಮ್ಮ: ನೋಡಿ ಸಾರ್, ಹೀಗೇ ಆಗಿದ್ದು.

ರವಿಕುಮಾರ್: ಅಯ್ಯಯ್ಯೋ! ಯಾಕಮ್ಮ ಒತ್ತಿದ್ರಿ? ನಾನೆಲ್ಲಿ ಒಪ್ಪಿದೆ?

ಅವನ ಫೋನಿಗೆ ಮೆಸೇಜ್ ಬಂತು: ಅಭಿನಂದನೆಗಳು.

ಚಿಕ್ಕಲಕ್ಷ್ಮಮ್ಮ: ಮೂರು ತಿಂಗಳು ತಾನೇ ಸಾರ್. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೋಗುತ್ತೆ.

ರವಿಕುಮಾರ್ ಹಿಂದಿನ ಟೇಬಲ್ಲಿನ ಗೆಳೆಯನ ಹತ್ತಿರ ಓಡಿದ.

ರವಿಕುಮಾರ್: ಮಚ್ಚಾ, ನನ್ನ ನಂಬರಿಂದ ಟ್ಯೂನ್ ಈಗ್ಲೇ ತೆಗಿ! ಸಂಜೆ ಹುಡುಗಿ ಅಪ್ಪ ಫೋನ್ ಮಾಡ್ತಾರೆ ಕಣೋ, ಸಂಬಂಧ ಮುರಿದುಹೋಗುತ್ತೆ... ಹೋಯ್ತಾ? ಬದುಕಿದೆ ಗುರು!

ಮುಖ ಒರೆಸಿಕೊಂಡು ತಿರುಗಿದರೆ ಚಿಕ್ಕಲಕ್ಷ್ಮಮ್ಮ ನಿಂತಲ್ಲೇ ನಿಂತಿದ್ದರು.

ಚಿಕ್ಕಲಕ್ಷ್ಮಮ್ಮ: ಆ ಮಚ್ಚನಿಗೆ ನನ್ನ ನಂಬರೂ ಹೇಳ್ಬಿಡಿ ಸಾರ್. ನಿಮ್ಮ ಮಾವ ಇನ್ನೂ ಮಾವ ಆಗಿಲ್ಲ, ನನ್ನ ಮೈದುನ ಆಗ್ಲೇ ಹೋಗ್ಬಿಟ್ಟಿದಾನೆ. ಯಾರದು ಅರ್ಜೆಂಟು, ನೀವೇ ಹೇಳಿ.