ಆರ್ವೊನ ಜೇಬಿನಲ್ಲಿದ್ದ ಪ್ಲಗ್ಗು

ಹಿಮ ಬಳಿಯುವ ಆರ್ವೊ ಕಾಂಗಾಸ್‌ನ ಹಳೇ ಮೆಷಿನ್, ಸ್ನೋ ಬ್ಲೋವರ್, ಆ ಶನಿವಾರ ಬೆಳಿಗ್ಗೆ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗಿದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಬೇಕೆಂದ ದಿನವೆಲ್ಲ ಮುನಿಸಿಕೊಂಡು ಕೂರುತ್ತಿದ್ದ ಯಂತ್ರ ಬೇಡವೆಂದ ದಿನವೇ ಗುಡುಗಿತು. ಅವನು ತಟಕ್ಕನೆ ಅದನ್ನು ಆರಿಸಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬೀದಿಯತ್ತ ಇಣುಕಿದ.

ಸುಪೀರಿಯರ್ ಸರೋವರದ ದಂಡೆಯ ಆ ಬೀದಿಯಲ್ಲಿ, ಹಿಮ ಬಿದ್ದ ದಿನ ಯಾರ ಮೆಷಿನ್ ಓಡುತ್ತದೋ ಅವನು ತನ್ನ ಅಂಗಳವನ್ನಷ್ಟೇ ಬಳಿದು ಒಳಗೆ ಹೋಗುವಂತಿಲ್ಲ. ಪಕ್ಕದ ಮನೆ, ಅದರಾಚೆಯ ಮನೆ, ಹಿಲ್ಯಾ ಅಜ್ಜಿಯ ಮೆಟ್ಟಿಲು, ಕೊನೆಗೆ ಚರ್ಚಿನ ದಾರಿ, ಎಲ್ಲವೂ ಅವನ ಪಾಲಿಗೇ. ಬೀದಿಯಲ್ಲಿದ್ದ ಮೆಷಿನ್ನುಗಳೋ ಎರಡೇ, ಆರ್ವೊನದೊಂದು, ಎದುರುಮನೆಯ ಟ್ರೆವಿಕ್‌ನದೊಂದು. ಇವತ್ತು ಆರ್ವೊನಿಗೆ ಆ ಪುಣ್ಯ ಬೇಕಿರಲಿಲ್ಲ. ಸರೋವರದ ಕೊಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅದರ ಮೇಲೆ, ಮಂಜುಗಡ್ಡೆಗೆ ತೂತು ಕೊರೆದು ಒಳಗೆ ಕೂತು ಮೀನು ಹಿಡಿಯುವ ಅವನ ಮರದ ಗೂಡು ಖಾಲಿ ನಿಂತಿತ್ತು. ಟ್ರೌಟ್ ಮೀನುಗಳು ಗಾಳವನ್ನು ಚೆನ್ನಾಗಿ ಕಚ್ಚುತ್ತಿವೆಯೆಂದು ಊರೆಲ್ಲ ಸುದ್ದಿ.

ಅವನು ಸ್ಪಾರ್ಕ್ ಪ್ಲಗ್ ಬಿಚ್ಚಿ ಜೇಬಿಗಿಳಿಸಿದ. ಖಾಲಿ ತೂತಿನ ಮೇಲೆ ರಬ್ಬರ್ ಟೋಪಿಯನ್ನು ಮೊದಲಿನಂತೆಯೇ ಕೂರಿಸಿದ.

"ಕೆಟ್ಟು ಕೂತಿದೆ ಕಣೇ. ಪೇಟೆಗೆ ಹೋಗಿ ಪಾರ್ಟ್ ತರ್ಬೇಕು. ಸಂಜೆ ಆದ್ರೂ ಆಗ್ಬಹುದು," ಎಂದು ಹೆಂಡತಿ ಇರ್ಮಾಗೆ ಸಪ್ಪೆ ಮೋರೆಯಲ್ಲಿ ಹೇಳಿದ.

"ಯಾವ ಪಾರ್ಟು?"

"ಹೇಳಿದ್ರೆ ನಿಂಗೇನು ಅರ್ಥ ಆಗುತ್ತೆ?"

"ಅರ್ಥ ಆಗೋರ್ನೇ ಕರೀತೀನಿ ಬಿಡಿ," ಎಂದವಳೇ ಟ್ರೆವಿಕ್‌ಗೆ ಫೋನ್ ಮಾಡಿಬಿಟ್ಟಳು.

ಟ್ರೆವಿಕ್ ರಿಪೇರಿ ಸಾಮಾನಿನ ಪೆಟ್ಟಿಗೆ ಹಿಡಿದು ಬಂದ. ಸ್ಟಾರ್ಟ್ ಮಾಡುವ ಹಗ್ಗವನ್ನು ಒಮ್ಮೆ ಎಳೆದು ನೋಡಿದ. ಎಂಜಿನ್ನಿನ ಬಿಗಿಯೇ ಇಲ್ಲದೆ, ಅದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು. ಅವನು ಆರ್ವೊನ ಮುಖ ನೋಡಿದ, ಪಿಕಪ್ ಗಾಡಿಯಿಂದ ಇಣುಕುತ್ತಿದ್ದ ಗಾಳವನ್ನೂ ನೋಡಿದ.

"ಅಯ್ಯೋ ಪಾಪ! ದೊಡ್ಡ ಕೆಲ್ಸ ಕಣೋ ಇದು. ಪೂರ್ತಿ ಬಿಚ್ಚಬೇಕು," ಎಂದ.

ಶೆಡ್ಡಿನ ಬಾಗಿಲು ತೆರೆದಿದ್ದು ಕಂಡರೆ ಆ ಬೀದಿಯಲ್ಲಿ ಬೇರೆ ಆಮಂತ್ರಣ ಬೇಡ. ಏಲಕ್ಕಿ ಬ್ರೆಡ್ ಹಿಡಿದು ಹಿಲ್ಯಾ ಅಜ್ಜಿಯೂ ಬಂದು ಕೂತಳು.

"ನಮ್ ಕಾಲದಲ್ಲಿ ಒಂದು ಒದೆ ಕೊಟ್ರೆ ಸಾಕು, ಎದ್ದು ಹೊರಡ್ತಿತ್ತು."

"ಮೆಷಿನ್ನಾ ಅಜ್ಜಿ?" ಎಂದ ಟ್ರೆವಿಕ್.

"ಮೆಷಿನ್ನೂ ಅಷ್ಟೆ, ನನ್ ಗಂಡನೂ ಅಷ್ಟೆ."

ಟ್ರೆವಿಕ್ ಕಾರ್ಬುರೇಟರ್ ಬಿಚ್ಚಿದ. ಒಂದೊಂದು ಸ್ಕ್ರೂವನ್ನೂ ಮದುವೆ ಮನೆಯ ಬೆಳ್ಳಿ ಪಾತ್ರೆಯಂತೆ ಉಜ್ಜಿದ. ಆರ್ವೊ ಗಡಿಯಾರ ನೋಡಿದ, ಬಾಗಿಲು ನೋಡಿದ, ಮತ್ತೆ ಗಡಿಯಾರ ನೋಡಿದ.

"ಬಿಡು ಮಾರಾಯ, ನಾನು ಪೇಟೆಗೆ ಹೋಗಿ..."

"ಏನು ಕೆಟ್ಟಿದೆ ಅಂತ ಗೊತ್ತಾಗ್ದೆ ಏನ್ ತರ್ತೀಯಾ? ಕೂತ್ಕೊ, ಬ್ರೆಡ್ ತಿನ್ನು."

ಬೇಗ ಮುಗಿಸೋಣವೆಂದು ಆರ್ವೊ ತಾನೂ ಕೈಹಾಕಲು ಹೋಗಿ ಎಣ್ಣೆ ಡಬ್ಬಿ ಬೀಳಿಸಿದ. ಮೀನು ಹಿಡಿಯಲೆಂದೇ ಹಾಕಿಕೊಂಡಿದ್ದ ಹೊಸ ಬೂಟಿಗೆ ಅಭಿಷೇಕವಾಯಿತು. "ನೆಲ ಒರೆಸೋದೂ ನಿಮ್ದೇ," ಎಂದು ಇರ್ಮಾ ಅಡುಗೆಮನೆಯಿಂದಲೇ ಕೂಗಿದಳು.

ಮಧ್ಯಾಹ್ನವಾಯಿತು. ಬೀದಿಯ ತುದಿಯಲ್ಲಿ ಹಿಮ ಸರಿಸುವ ಊರ ಲಾರಿಯ ಸದ್ದು ಕೇಳುತ್ತಲೇ ಟ್ರೆವಿಕ್ ಎಲ್ಲವನ್ನೂ ಚಕಚಕನೆ ಜೋಡಿಸಿದ. ಹಗ್ಗ ಎಳೆದ. ಮೆಷಿನ್ ಕಮಕ್ ಕಿಮಕ್ ಎನ್ನಲಿಲ್ಲ.

"ಹೋಯ್ತು ಕಣೋ. ಇದರ ಆಯಸ್ಸು ಮುಗೀತು," ಎಂದು ಸತ್ತವರಿಗೆ ಗೌರವ ಕೊಡುವಂತೆ ತನ್ನ ತಲೆಯ ಟೋಪಿ ತೆಗೆದ. ಅಜ್ಜಿ ಕಣ್ಣೊರೆಸಿಕೊಂಡಳು. ಆರ್ವೊ ಒಳಗೊಳಗೇ ಕುಣಿದಾಡುತ್ತ, ಹೊರಗೆ ತುಟಿ ಕಚ್ಚಿಕೊಂಡು ನಿಂತ.

ಎಲ್ಲರೂ ಹೋದರು. ಆರ್ವೊ ಓಡಿ ಪಿಕಪ್ ಹತ್ತಿದ. ಅಂಗಳದ ಮೆತ್ತನೆ ಹಿಮವನ್ನು ಗಾಡಿ ಹೇಗೂ ದಾಟುತ್ತಿತ್ತು. ಅಷ್ಟರಲ್ಲಿ ಊರ ಲಾರಿ ಭರ್ರನೆ ಹಾದುಹೋಯಿತು, ರಸ್ತೆಯ ಹಿಮವನ್ನೆಲ್ಲ ಅವನ ಗೇಟಿಗೆ ಅಡ್ಡವಾಗಿ ಸೊಂಟದೆತ್ತರ ಒಟ್ಟಿ. ಕಲ್ಲಿನಂಥ ಗೋಡೆ ಅದು. ಸಲಿಕೆ ಹಿಡಿದರೆ ಕತ್ತಲಾಗುವುದು ಖಂಡಿತ.

ಅವನು ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಗೋಡೆಯಲ್ಲೊಂದು ಸಂದಿ ಮಾಡಿಕೊಂಡರೆ ಸಾಕು, ಆಮೇಲೆ ತಾನುಂಟು, ಮೀನುಂಟು. ಜೇಬಿನಿಂದ ಪ್ಲಗ್ ತೆಗೆದು ಸಿಕ್ಕಿಸಿ ಹಗ್ಗ ಎಳೆದ. ಅಷ್ಟು ಉಜ್ಜಿಸಿಕೊಂಡಿದ್ದ ಮೆಷಿನ್ ಬೀದಿಗೆ ಬೀದಿಯೇ ನಡುಗುವ ಹಾಗೆ ಆರ್ಭಟಿಸಿತು. ಬಾಗಿಲುಗಳು ಪಟಪಟ ತೆರೆದುಕೊಂಡವು.

"ಟ್ರೆವಿಕ್ ಕೈಲಿ ಆಗದ್ದನ್ನ ನಮ್ ಆರ್ವೊ ಮಾಡ್ದ!" ಎಂದು ಹಿಲ್ಯಾ ಅಜ್ಜಿ ಚಪ್ಪಾಳೆ ತಟ್ಟಿದಳು. "ಮೊದ್ಲು ನಮ್ಮನೆ ಮೆಟ್ಟಿಲಪ್ಪ!"

"ನಮ್ಮೋರ ಕೈಗುಣವೇ ಹಾಗೆ," ಎಂದು ಇರ್ಮಾ ಬೀಗಿದಳು.

ಟ್ರೆವಿಕ್ ತನ್ನ ಮೆಷಿನ್ನನ್ನೂ ತಳ್ಳಿಕೊಂಡು ರಸ್ತೆ ದಾಟಿ ಬಂದ.

"ನಂದೂ ಈಗ ನೋಡಿದ್ರೆ ಸ್ಟಾರ್ಟ್ ಆಗ್ತಿಲ್ಲ ಕಣೋ. ನಿನ್ನಂಥ ಕೈ ಇರೋವಾಗ ನಂಗ್ಯಾಕೆ ಚಿಂತೆ! ಇಲ್ಲೇ ಬಿಟ್ಟಿರ್ತೀನಿ, ನಿಧಾನಕ್ಕೆ ನೋಡು. ಹಾಗೇ ನಮ್ಮನೆ ದಾರೀನೂ ಬಿಡಿಸಿಬಿಡು."

ಆರ್ವೊ ಬಿಡಿಸಿದ. ಆ ದಾರಿಯಲ್ಲೇ ಟ್ರೆವಿಕ್‌ನ ಪಿಕಪ್ ಹೊರಟುಹೋಯಿತು. ಮೆಟ್ಟಿಲಾಯಿತು, ಚರ್ಚಾಯಿತು, ಬೀದಿಯೆಲ್ಲ ಆಯಿತು. ಮುಸ್ಸಂಜೆಗೆ ಎಣ್ಣೆ ಬೂಟು ಎಳೆಯುತ್ತ ಶೆಡ್ಡಿಗೆ ಬಂದು, ಟ್ರೆವಿಕ್‌ನ ಮೆಷಿನ್ನಿನ ರಬ್ಬರ್ ಟೋಪಿ ಎತ್ತಿ ನೋಡಿದ.

ಕೆಳಗೆ ಖಾಲಿ ತೂತು. ಪ್ಲಗ್ಗೇ ಇರಲಿಲ್ಲ.

ಹೊರಗೆ ಪಿಕಪ್ ನಿಂತಿತು. ಕಾಗದ ಸುತ್ತಿದ ದೊಡ್ಡ ಟ್ರೌಟ್ ಒಂದನ್ನು ಟ್ರೆವಿಕ್ ಅವನ ಕೈಗಿಟ್ಟ.

"ಇರ್ಮಾಗೆ ಕೊಡು. ನಿನ್ ಗೂಡಲ್ಲೇ ಕೂತಿದ್ದೆ, ಹೇಗೂ ಖಾಲಿ ಇತ್ತಲ್ಲ. ಏನ್ ಕಚ್ತಿದ್ವು ಅಂತೀಯಾ!" ಎಂದವನು, ಕೋಟಿನ ಜೇಬನ್ನು ಮೆಲ್ಲಗೆ ತಟ್ಟಿಕೊಂಡ. "ನನ್ ಮೆಷಿನ್ನಿಗೆ ಅವಸರ ಮಾಡ್ಬೇಡ ಕಣೋ. ಚಳಿಗಾಲ ಮುಗಿಯೋ ಹೊತ್ತಿಗೆ ಆದ್ರೆ ಸಾಕು."