ಅಂಕಣರಾಯರ ಕಯಾಕ್

ವಹಿಯ ಪುಟದಲ್ಲಿ ಖಾಲಿ ಅಂಕಣವೊಂದು ಕಣ್ಣಿಗೆ ಬಿದ್ದರೆ, ತೂಕ ಮತ್ತು ಅಳತೆ ಇಲಾಖೆಯ ಹಿರಿಯ ಗುಮಾಸ್ತರಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿಕೊಂಡಂತೆ ಆಗುತ್ತಿತ್ತು. ಅದನ್ನು ತುಂಬುವ ತನಕ ನೆಮ್ಮದಿಯಿರುತ್ತಿರಲಿಲ್ಲ. ಇಡೀ ಇಲಾಖೆಯ ನೌಕರರ ವಿವರಗಳನ್ನು ಬರೆದಿಡುವ ದಪ್ಪ ವಹಿಗಳು ಮೂವತ್ತು ವರ್ಷಗಳಿಂದ ಅವರ ವಶದಲ್ಲಿದ್ದವು. ಅವುಗಳಲ್ಲಿ ಶಾಯಿಯ ಕಲೆಯಿರಲಿಲ್ಲ, ಹೊಡೆದುಹಾಕಿದ ಪದವಿರಲಿಲ್ಲ, ತುಂಬದೆ ಬಿಟ್ಟ ಅಂಕಣವಂತೂ ಹುಡುಕಿದರೂ ಸಿಗುತ್ತಿರಲಿಲ್ಲ. ಸಹೋದ್ಯೋಗಿಗಳು ಅವರಿಗೆ ಅಂಕಣರಾಯರೆಂದು ಅಡ್ಡಹೆಸರಿಟ್ಟಿದ್ದರು. ಅದನ್ನು ಅವರು ಬಿರುದೆಂದೇ ಭಾವಿಸಿದ್ದರು.

ಆ ಬುಧವಾರ ಬೆಳಗ್ಗೆ ಹತ್ತೂಕಾಲಿಗೆ ಶಾಖಾಧಿಕಾರಿಗಳು ಅವರನ್ನು ಕೋಣೆಗೆ ಕರೆಸಿದರು. ಅಧಿಕಾರಿಗಳು ಈ ಶಾಖೆಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಅವರ ಮೇಜಿನ ಮೇಲೆ ಕೆಂಪು ದಾರ ಕಟ್ಟಿದ ಕಡತವೊಂದು ಬಿಚ್ಚಿಕೊಂಡು ಮಲಗಿತ್ತು.

"ಕೂತ್ಕೊಳ್ಳಿ ರಾಯರೇ. ನಿಮ್ಮ ಬಡ್ತಿ ಕಡತ ಇದು. 'ಮೂವತ್ತು ವರ್ಷದಲ್ಲಿ ಇವರ ವಹಿಗಳಲ್ಲಿ ಒಂದು ತಪ್ಪೂ ಕಂಡುಬಂದಿಲ್ಲ' ಅಂತ ಬರೆದಿದೀನಿ. ಸಂಜೆ ಸಹಿ ಹಾಕ್ತೀನಿ."

"ತಮ್ಮ ದಯೆ ಸಾರ್."

"ಅದಿರ್ಲಿ. ನೀವು ಇಂಥ ಕಿಲಾಡಿ ಅಂತ ಗೊತ್ತೇ ಇರ್ಲಿಲ್ವಲ್ರೀ! ಕಯಾಕ್ ನಡೆಸ್ತೀರಂತೆ?"

ರಾಯರು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು. ಗೋಡೆಯ ಗಡಿಯಾರದ ಹೊರತು ಯಾರೂ ಇರಲಿಲ್ಲ.

"ಯಾರು ಸಾರ್?"

"ನೀವೇರೀ! ನೌಕರರ ವಹೀಲಿ ಇದೆ. ಹವ್ಯಾಸ: ಕಯಾಕ್ ನಡೆಸುವುದು."

ಕಯಾಕ್ ಎಂದರೆ ಒಬ್ಬನೇ ಕಾಲು ಚಾಚಿ ಕುಳಿತು, ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ನಡೆಸುವ ಉದ್ದನೆಯ ಸಣ್ಣ ದೋಣಿ ಎಂಬುದನ್ನು ರಾಯರು ಯಾವುದೋ ಕ್ಯಾಲೆಂಡರಿನ ಚಿತ್ರದಲ್ಲಿ ನೋಡಿದ್ದರು. ಅವರ ಜಲಯಾನವೆಲ್ಲ ಬಚ್ಚಲುಮನೆಯ ಮಣೆಗೇ ಮುಗಿಯುತ್ತಿತ್ತು. "ಇಲ್ಲ ಸಾರ್, ನನಗೆ ಈಜೂ ಬರಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲಿಯೇ ಎಡವಿ ನಿಂತಿತು. ಹವ್ಯಾಸ ಸುಳ್ಳೆಂದರೆ ವಹಿ ತಪ್ಪೆಂದಾಗುತ್ತದೆ. ವಹಿ ತಪ್ಪೆಂದರೆ ಕಡತದಲ್ಲಿ ಬರೆದಿರುವ ಆ ಸುಂದರ ವಾಕ್ಯ ಸುಳ್ಳಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಮ್ಮಸ್ಸಿನಲ್ಲಿ ತಾನೇ ಜಂಬಕ್ಕೆ ಬರೆದುಕೊಂಡಿರಬಹುದೇ ಎಂದು ಯೋಚಿಸಿದರು, ಏನೂ ನೆನಪಾಗಲಿಲ್ಲ.

"ವಹೀಲಿ ಇದ್ರೆ ಸರಿಯಾಗೇ ಇರುತ್ತೆ ಸಾರ್," ಎಂದರು.

"ಭೇಷ್! ನಿರ್ದೇಶಕರು ಪ್ರತಿ ಶಾಖೆಗೂ ಎರಡು ಕಯಾಕ್ ಕೊಡಿಸ್ತಿದಾರೆ. ಎರಡೂ ಒಂದೇ ಬಗೇದು ಇರಬೇಕು. ಸಮುದ್ರಕ್ಕಿಳಿಸೋ ಸೀ ಕಯಾಕೋ, ಕೆರೆ ಹೊಳೆಗಿರೋ ಟೂರಿಂಗ್ ಕಯಾಕೋ, ಐದು ಗಂಟೆ ಒಳಗೆ ತೀರ್ಮಾನ ಮಾಡಿ ಹೇಳಿ."

"ತಮ್ಮ ಅಭಿಪ್ರಾಯ ಏನು ಸಾರ್?"

ಅಧಿಕಾರಿಗಳು ಫ್ಯಾನಿನ ಕಡೆ ಸ್ವಲ್ಪ ಹೊತ್ತು ನೋಡಿದರು. "ನನ್ನ ಅಭಿಪ್ರಾಯ ನನಗಿದೆ. ಆದ್ರೆ ನಿಮ್ಮಂಥೋರ ಬಾಯಿಂದ ಬರ್ಲಿ ಅಂತ."

ಹೊರಗೆ ಬರುವಷ್ಟರಲ್ಲಿ ಸುದ್ದಿ ರಾಯರಿಗಿಂತ ಮೊದಲೇ ಅವರ ಕುರ್ಚಿಯನ್ನು ತಲುಪಿತ್ತು. ಬೆರಳಚ್ಚುಗಾರ್ತಿ ಯಂತ್ರವನ್ನು ನಿಲ್ಲಿಸಿ ಕಾಯುತ್ತಿದ್ದಳು.

"ಇದರಲ್ಲಿ ಯೋಚನೆ ಮಾಡೋದು ಏನಿದೆ ರಾಯರೇ? ನಮ್ಮೂರಲ್ಲಿ ಸಮುದ್ರ ಎಲ್ಲಿದೆ? ಇರೋದೊಂದು ಸರೋವರ. ಟೂರಿಂಗ್ ತಗೊಳ್ಳಿ, ಕೈ ತೊಳ್ಕೊಳ್ಳಿ."

"ಅದು ಹೇಗಮ್ಮಾ?" ಎಂದ ಜೀಪಿನ ಚಾಲಕ, ಬಾಗಿಲಿಗೆ ಒರಗಿಕೊಂಡು. "ಸಮುದ್ರ ತಡ್ಕೊಳ್ಳೋದು ಸರೋವರ ತಡ್ಕೊಳ್ಳಲ್ವಾ? ದೊಡ್ಡದೇ ತಗೊಳ್ಳಿ ರಾಯರೇ. ಮುಂದೆ ಯಾವತ್ತಾದ್ರೂ ಸಮುದ್ರ ಸಿಕ್ಕಿದ್ರೆ?"

"ಸಮುದ್ರ ಏನು ದಾರೀಲಿ ಬಿದ್ದಿರೋ ಚಪ್ಪಲೀನಾ, ಸಿಗೋಕೆ?"

"ಉದ್ದ ನೋಡಿದೀರಾ? ಸೀ ಕಯಾಕು ಐದೂವರೆ ಮೀಟರಂತೆ. ನೆಟ್ಟಗೆ ಹೋಗುತ್ತಂತೆ."

"ನೆಟ್ಟಗೆ ಹೋಗೋದು ದೊಡ್ಡ ವಿಷಯಾನಾ? ತಿರುಗೋಕೆ ಬರಬೇಡ್ವಾ? ಆಚೆ ದಡಕ್ಕೆ ಹೋದ ರಾಯರು ಮನೆಗೆ ಹೇಗೆ ಬರೋದು?"

ಇಬ್ಬರ ನಡುವೆ ನಿಂತ ರಾಯರ ತಲೆ ಗಡಿಯಾರದ ಲೋಲಕದಂತೆ ಎಡಕ್ಕೂ ಬಲಕ್ಕೂ ಆಡಿತು. ಟೂರಿಂಗ್ ಎಂದು ನಿಶ್ಚಯಿಸಿದ್ದು ಸೀ ಆಯಿತು. ಸೀ ಎಂದುಕೊಂಡದ್ದು ಮತ್ತೆ ಟೂರಿಂಗ್ ಆಯಿತು. ಅಷ್ಟರಲ್ಲಿ ನಿರೀಕ್ಷಕ ಬಂದ. ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸುವುದು ಅವನ ಕೆಲಸ. ಅಳೆಯದೆ ಯಾವುದನ್ನೂ ನಂಬದಿರುವುದು ಅವನ ಸ್ವಭಾವ. ಮದುವೆಗೆ ಮುಂಚೆ ಅವನು ಹುಡುಗಿಯ ಎತ್ತರವನ್ನೂ ಅಳೆದು ನೋಡಿದನೆಂಬ ಮಾತು ಕಚೇರಿಯಲ್ಲಿತ್ತು.

"ಬಾಯಿಮಾತಲ್ಲಿ ಏನ್ರೀ ತೀರ್ಮಾನ? ಮನುಷ್ಯನ ಅಳತೆ ಇಲ್ದೆ ದೋಣಿ ಅಳತೆ ಹೇಗೆ ಹೇಳೋದು? ರಾಯರೇ, ಪರೀಕ್ಷೆ ಕೋಣೆಗೆ ಬನ್ನಿ."

ಪರೀಕ್ಷೆಯ ಕೋಣೆಯಲ್ಲಿ ರಾಯರನ್ನು ಇಲಾಖೆಯ ಪ್ರಮಾಣಿತ ತೂಕದ ಯಂತ್ರದ ಮೇಲೆ ನಿಲ್ಲಿಸಲಾಯಿತು. ಎಂಬತ್ತೊಂದು ಕಿಲೋ ಮುನ್ನೂರೈವತ್ತು ಗ್ರಾಂ.

"ಇದು ಊಟಕ್ಕೆ ಮುಂಚೆಯ ತೂಕ," ಎಂದು ನಿರೀಕ್ಷಕ ಗುರುತು ಹಾಕಿಕೊಂಡ. "ಊಟ ಆದ್ಮೇಲೆ ಇನ್ನೊಂದು ಸಲ ಬನ್ನಿ. ನೀರಲ್ಲಿ ಅರ್ಧ ಕಿಲೋ ಅಂದ್ರೆ ತಮಾಷೆ ಅಲ್ಲ."

ಬಳಿಕ ಉಕ್ಕಿನ ಟೇಪು ರಾಯರ ಸೊಂಟವನ್ನು ಬಳಸಿತು. ಸೀ ಕಯಾಕಿನಲ್ಲಿ ಕೂರುವ ಜಾಗ ಇಕ್ಕಟ್ಟು, ಸುಮಾರು ನಲವತ್ತು ಸೆಂಟಿಮೀಟರು. ಟೂರಿಂಗಿನದು ಅದಕ್ಕಿಂತ ಸಡಿಲ ಎಂದು ನಿರೀಕ್ಷಕ ಮೊಬೈಲಿನಲ್ಲಿ ಓದಿ ಹೇಳಿದ. ಮೂಲೆಯಲ್ಲಿ ಹಳೆಯ ತಕ್ಕಡಿ ತುಂಬಿ ಬಂದಿದ್ದ ಮರದ ಪೆಟ್ಟಿಗೆಯೊಂದಿತ್ತು. ಅದರ ಒಳಅಗಲವೂ ಕರಾರುವಾಕ್ಕಾಗಿ ನಲವತ್ತೇ!

"ಕೂತು ನೋಡಿ. ಹಿಡಿಸಿದ್ರೆ ಸೀ, ಹಿಡಿಸದಿದ್ರೆ ಟೂರಿಂಗ್. ಇಷ್ಟೇ ಶಾಸ್ತ್ರ."

ರಾಯರು ಕುಳಿತರು. ಹಿಡಿಸಿತು, ಅದೂ ಬಾಟಲಿಗೆ ಬಿರಡೆ ಹಿಡಿಸುವಂತೆ. ನಿರೀಕ್ಷಕ ಅವರ ಕೈಗೆ ಮೀಟರು ಕೋಲನ್ನು ಕೊಟ್ಟು ಹುಟ್ಟು ಹಾಕುವಂತೆ ಆಡಿಸಲು ಹೇಳಿದ. ರಾಯರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಾಳಿಯನ್ನು ತಳ್ಳಿದರು. ಅದೇ ಗಳಿಗೆಗೆ ಬಾಗಿಲು ತೆರೆದು ಶಾಖಾಧಿಕಾರಿಗಳು ಒಳಗೆ ಕಾಲಿಟ್ಟರು.

ಎದ್ದು ನಿಲ್ಲಲು ಹೋದ ರಾಯರೊಂದಿಗೆ ಪೆಟ್ಟಿಗೆಯೂ ಗೌರವದಿಂದ ಎದ್ದು ನಿಂತಿತು.

"ಪರವಾಗಿಲ್ಲ, ಕೂತ್ಕೊಳ್ಳಿ," ಎಂದರು ಅಧಿಕಾರಿಗಳು, ಕಣ್ಣರಳಿಸಿ. "ಕಚೇರೀಲೂ ಅಭ್ಯಾಸ ಬಿಡಲ್ಲ ಅಂದ್ರೆ ಇದು ಹವ್ಯಾಸ ಅಲ್ರೀ, ತಪಸ್ಸು! ಕೈಯನ್ನ ಇನ್ನೊಂದು ಸಲ ಹೇಗೆ ತಿರುಗಿಸಿದ್ರಿ?"

ರಾಯರು ತಿರುಗಿಸಿ ತೋರಿಸಿದರು. ಅಧಿಕಾರಿಗಳು ಹಾಗೆಯೇ ತಮ್ಮ ಕೈಗಳನ್ನೂ ಮೆಲ್ಲಗೆ ತಿರುಗಿಸಿ, ತಲೆದೂಗುತ್ತ ಹೊರಟುಹೋದರು.

ಬಳಿಕ ಚಾಲಕ ರಾಯರ ತೋಳನ್ನೂ ನಿರೀಕ್ಷಕ ಪೆಟ್ಟಿಗೆಯನ್ನೂ ಹಿಡಿದು ಎಳೆದರು. ತಕ್ಕಡಿಗೆ ಹಾಕುವ ಎಣ್ಣೆಯನ್ನು ಸುರಿದ ಮೇಲೆ ರಾಯರು ಬಿಡುಗಡೆಯಾದರು. ಪ್ಯಾಂಟಿನ ಹಿಂಬದಿಯ ಹೊಲಿಗೆ ಮಾತ್ರ ಬಿಡುಗಡೆಯಾಗಲಿಲ್ಲ. ಅದು ಪೆಟ್ಟಿಗೆಯ ಮೊಳೆಗೆ ಸಿಕ್ಕಿ ಒಂದು ಗೇಣು ಬಿಟ್ಟುಕೊಂಡಿತು. ಬೆರಳಚ್ಚುಗಾರ್ತಿ ಕಣ್ಣು ಮುಚ್ಚಿಕೊಂಡು ಸ್ಟೇಪ್ಲರ್ ಮುಂದೆ ಚಾಚಿದಳು. ಚಾಲಕ ಏಳು ಪಿನ್ನು ಹೊಡೆದು, "ಇನ್ನು ಕೂರೋವಾಗ ಹುಷಾರು," ಎಂದ.

"ಹಾಗಾದ್ರೆ ಸೀ ಕಯಾಕ್ ಬೇಡ, ಅಲ್ವಾ?" ಎಂದು ರಾಯರು ಆಸೆಯಿಂದ ಕೇಳಿದರು.

"ಯಾಕ್ರೀ? ಪೆಟ್ಟಿಗೆ ನಿಮ್ಮನ್ನ ಎಷ್ಟು ಭದ್ರವಾಗಿ ಹಿಡ್ಕೊಂಡಿತ್ತು ನೋಡಿದ್ರಾ?" ಎಂದ ನಿರೀಕ್ಷಕ. "ಅಲೆಯಲ್ಲಿ ಅದೇ ಬೇಕಾಗಿರೋದು."

ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ಸಹಿ ಆಯ್ತಾ? ಅಕ್ಕನಿಗೆ ಹೇಳ್ಬಿಟ್ಟಿದೀನಿ. ಭಾವನೂ ಆಗ್ಲೇ ನಿಮ್ಮನ್ನ ಮುಖ್ಯ ಗುಮಾಸ್ತರು ಅಂತಾನೇ ಕರೀತಿದಾರೆ."

"ಸಂಜೆ ಆಗುತ್ತೆ ಕಣೇ. ನೋಡು, ಸೀ ಕಯಾಕ್ ಒಳ್ಳೇದಾ, ಟೂರಿಂಗ್ ಕಯಾಕ್ ಒಳ್ಳೇದಾ?"

"ಬಿಸಿಲಲ್ಲಿ ಟೋಪಿ ಹಾಕ್ಕೊಂಡು ಓಡಾಡಿ ಅಂತ ಎಷ್ಟು ಸಲ ಹೇಳಿದೀನ್ರೀ ನಿಮಗೆ?"

ಮೂರು ಗಂಟೆಗೆ ರಾಯರು, ಕಡತವೊಂದನ್ನು ಬೆನ್ನ ಹಿಂದೆ ಗುರಾಣಿಯಂತೆ ಹಿಡಿದುಕೊಂಡು, ಸರೋವರದ ದಾರಿಯಲ್ಲಿದ್ದ ದೋಣಿಯಂಗಡಿಗೆ ಹೋದರು. ಗೋಡೆಗೆ ಎರಡು ಕಯಾಕುಗಳನ್ನು ಒರಗಿಸಿದ್ದರು. ಅಂಗಡಿಯೊಡತಿ ವಿವರಿಸತೊಡಗಿದಳು.

"ಇದು ಟೂರಿಂಗು. ಅಗಲ ಜಾಸ್ತಿ. ಕೂತ ತಕ್ಷಣ ಭದ್ರ ಅನ್ಸುತ್ತೆ."

"ಇದೇ ಇರ್ಲಿ."

"ತಾಳಿ. ದೊಡ್ಡ ಅಲೆ ಬಂದ್ರೆ ಇದು ಅಲೆ ಜೊತೇಲೇ ವಾಲುತ್ತೆ. ಅದು ಸೀ ಕಯಾಕು. ಅಲೆಯಲ್ಲೂ ಗಟ್ಟಿಯಾಗಿ ನಿಲ್ಲುತ್ತೆ."

"ಹಾಗಾದ್ರೆ ಅದೇ ಇರ್ಲಿ."

"ಆದ್ರೆ ಹೊಸಬರು ಕೂತ್ರೆ ನಿಂತ ನೀರಲ್ಲೂ ಅಲ್ಲಾಡುತ್ತೆ. ಅಭ್ಯಾಸ ಇರೋರು ಹೆದರಲ್ಲ."

ರಾಯರು ಹಣೆ ಒರೆಸಿಕೊಂಡರು. "ಅಂದ್ರೆ, ಭದ್ರ ಅನ್ನಿಸೋದು ಭದ್ರ ಅಲ್ಲ, ಭದ್ರ ಇರೋದು ಭದ್ರ ಅನ್ಸಲ್ಲ?"

"ಸರಿಯಾಗಿ ಹಿಡಿದ್ರಿ! ನಿಮಗೆ ಅನುಭವ ಇರೋ ಹಾಗಿದೆ."

"ಇಲ್ಲಮ್ಮಾ, ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ಅಷ್ಟೇ. ಯಾವತ್ತೂ ಮಗುಚದೇ ಇರೋದು ಯಾವುದು, ಅದನ್ನ ಹೇಳಿ."

"ಗೋಡೆಗೆ ಒರಗಿಸಿರೋದು," ಎಂದಳು ಒಡತಿ.

ಅದೂ ಪೂರ್ತಿ ನಿಜವಾಗಿರಲಿಲ್ಲ. ಯೋಚನೆಯಲ್ಲಿ ರಾಯರು ಸೀ ಕಯಾಕಿಗೆ ಬೆನ್ನು ಆನಿಸಿದರು. ಏಳನೆಯ ಪಿನ್ನು ಯಾವುದೋ ಹಗ್ಗಕ್ಕೆ ಸಿಕ್ಕಿಕೊಂಡಿತು. ಅವರು ಒಂದು ಹೆಜ್ಜೆ ಮುಂದಿಟ್ಟಾಗ ಐದೂವರೆ ಮೀಟರು ಉದ್ದದ ದೋಣಿ ಅವರನ್ನು ನಿಧಾನವಾಗಿ ಹಿಂಬಾಲಿಸಿ ಬಂದು ಹೆಗಲ ಮೇಲೆ ಮಲಗಿತು. ನೀರಿನ ಹನಿಯೂ ಇಲ್ಲದ ಕಡೆ ಕಯಾಕಿನ ಕೆಳಗೆ ಸಿಕ್ಕಿಕೊಂಡವರು ಆ ಅಂಗಡಿಯ ಚರಿತ್ರೆಯಲ್ಲಿ ಅವರೊಬ್ಬರೇ ಎಂದು ಒಡತಿ ಅವರನ್ನು ಎಬ್ಬಿಸುತ್ತ ತಿಳಿಸಿದಳು.

ನಾಲ್ಕೂವರೆಗೆ ರಾಯರು ಕಚೇರಿಗೆ ಮರಳಿದಾಗ ಒಂದೇ ಒಂದು ನಿರ್ಧಾರ ಗಟ್ಟಿಯಾಗಿತ್ತು. ತಾನು ಯಾವ ಗಳಿಗೆಯಲ್ಲಿ ಆ ಸುಳ್ಳನ್ನು ಬರೆದುಕೊಂಡೆ ಎಂಬುದನ್ನು ಕಣ್ಣಾರೆ ನೋಡಬೇಕು. ದಾಖಲೆಯ ಕೋಣೆಗೆ ಹೋಗಿ, ನೌಕರರ ವಹಿಯನ್ನು ಕಪಾಟಿನಿಂದ ಇಳಿಸಿ, ತಮ್ಮ ಹೆಸರಿದ್ದ ಪುಟವನ್ನು ತೆರೆದರು. ಇಪ್ಪತ್ತೆಂಟು ಸಾಲುಗಳ ಪುಟ. ತಮ್ಮದು ಇಪ್ಪತ್ತಮೂರನೆಯದು.

ಹವ್ಯಾಸದ ಅಂಕಣದಲ್ಲಿ ಕಯಾಕ್ ಎಂದಿರಲಿಲ್ಲ. ತಮ್ಮದೇ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ "ಮೇಲಿನಂತೆ" ಎಂದಿತ್ತು.

ರಾಯರ ಬೆರಳು ಮೇಲಕ್ಕೆ ಸರಿಯಿತು. ಇಪ್ಪತ್ತೆರಡನೆಯ ಸಾಲು: ಮೇಲಿನಂತೆ. ಇಪ್ಪತ್ತೊಂದು: ಮೇಲಿನಂತೆ. ಹೀಗೆಯೇ ಏರಿ ಏರಿ ಬೆರಳು ಮೊದಲನೆಯ ಸಾಲನ್ನು ಮುಟ್ಟಿತು. ಅಲ್ಲಿ, ಅಂದು ಕಿರಿಯ ನಿರೀಕ್ಷಕರಾಗಿದ್ದು ಇಂದು ನಿರ್ದೇಶಕರಾಗಿರುವವರ ಹೆಸರಿನ ಮುಂದೆ, "ಕಯಾಕ್ ನಡೆಸುವುದು" ಎಂದಿತ್ತು.

ಆಗ ಎಲ್ಲವೂ ನೆನಪಾಯಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಹೊಸ ವಹಿ ಅಚ್ಚಾಗಿ ಬಂದಾಗ ಅದರಲ್ಲಿ ಹವ್ಯಾಸವೆಂಬ ಹೊಸ ಅಂಕಣವಿತ್ತು. ನೌಕರರು ತುಂಬಿಕೊಟ್ಟ ನಮೂನೆಗಳಲ್ಲಿ ಒಬ್ಬರ ಹೊರತು ಮಿಕ್ಕ ಯಾರೂ ಹವ್ಯಾಸವನ್ನು ಬರೆದಿರಲಿಲ್ಲ. ಮರುದಿನವೇ ತಪಾಸಣೆ. ಇಪ್ಪತ್ತೇಳು ಖಾಲಿ ಅಂಕಣಗಳು ಬಾಯಿ ತೆರೆದುಕೊಂಡು ಕುಳಿತಿದ್ದವು. ರಾಯರಿಂದ ಸಹಿಸಲಾಗಲಿಲ್ಲ.

ಅವರ ಬೆರಳು ಮತ್ತೆ ಕೆಳಗಿಳಿಯುವಾಗ ಹತ್ತೊಂಬತ್ತನೆಯ ಸಾಲಿನಲ್ಲಿ ನಿಂತಿತು. ಆ ಹೆಸರು ಶಾಖಾಧಿಕಾರಿಗಳದು. ಅಷ್ಟರಲ್ಲಿ ಹೆಸರಿನ ಒಡೆಯರೇ ಒಳಗೆ ಬಂದು, ಬಾಗಿಲು ಮುಚ್ಚಿ, ಚಿಲಕ ಹಾಕಿದರು.

"ರಾಯರೇ, ನನ್ನನ್ನ ಉಳಿಸಿ," ಎಂದರು ಪಿಸುದನಿಯಲ್ಲಿ. "ನಾನು ಜನ್ಮದಲ್ಲಿ ದೋಣಿ ಹತ್ತಿದೋನಲ್ಲ. ವಹೀಲಿ ನನ್ನ ಹೆಸರಿನ ಮುಂದೆ ಕಯಾಕ್ ಅಂತಿದೆಯಂತೆ. ಹುಡುಗುಬುದ್ಧೀಲಿ ನಾನೇ ಕೊಚ್ಕೊಂಡಿರಬೇಕು. ವಹಿಗಳನ್ನ ಕಂಪ್ಯೂಟರಿಗೆ ಹಾಕಿಸ್ತಿರೋವಾಗ ನಿರ್ದೇಶಕರು ಅದನ್ನ ನೋಡಿ, 'ನನ್ನ ಜೊತೆ ಸೇರಿದೋರೆಲ್ಲ ಕಯಾಕ್ ಪ್ರಿಯರು ಅಂತ ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಲ್ಲಯ್ಯಾ!' ಅಂತ ಫೋನಲ್ಲಿ ಕಣ್ಣೀರು ಹಾಕ್ಕೊಂಡ್ರು. ಭಾನುವಾರ ಸರೋವರದಲ್ಲಿ ಪಂದ್ಯ. ಶಾಖೆಯಿಂದ ಇಬ್ಬರು: ಅಧಿಕಾರಿ ಒಬ್ಬ, ನೌಕರ ಒಬ್ಬ. ಪುಣ್ಯಕ್ಕೆ ನೀವಿದೀರಿ. ನಾನು ಮುಳುಗಿದ್ರೆ ಎತ್ತೋಕೆ ನಿಮ್ಮಂಥೋರು ಪಕ್ಕದಲ್ಲಿದ್ರೆ ಸಾಕು."

ರಾಯರ ಬಾಯಿ ತೆರೆಯಿತು. "ಸಾರ್, ಆ ವಹಿ..."

"ಗೊತ್ತು, ವಹೀಲಿ ತಪ್ಪಿರಲ್ಲ. ಅದಕ್ಕೇ ಸಹಿ ಹಾಕೇ ಬಂದೆ." ಅಧಿಕಾರಿಗಳು ಕೆಂಪು ದಾರದ ಕಡತವನ್ನು ಮುಂದಿಟ್ಟರು. 'ಒಂದು ತಪ್ಪೂ ಕಂಡುಬಂದಿಲ್ಲ' ಎಂಬ ವಾಕ್ಯದ ಕೆಳಗೆ ಸಹಿಯ ಶಾಯಿ ಇನ್ನೂ ಒದ್ದೆಯಾಗಿತ್ತು. "ಬಡ್ತಿ ಸೋಮವಾರದಿಂದ ಜಾರಿ."

ರಾಯರು ವಹಿಯನ್ನು ಮೆಲ್ಲಗೆ ಮುಚ್ಚಿದರು.

"ಪಂದ್ಯ ಭಾನುವಾರ ಅಂದ್ರಲ್ಲಾ ಸಾರ್?"

"ಹೌದು. ಅದರ ಮಾರನೇ ದಿನ ಬಡ್ತಿ. ಈಗ ಹೇಳಿ, ಯಾವ ಕಯಾಕು?"

ರಾಯರಿಗೆ ಪೆಟ್ಟಿಗೆಯ ನೆನಪಾಯಿತು, ಹೆಗಲ ಮೇಲೆ ಮಲಗಿದ ದೋಣಿಯ ನೆನಪಾಯಿತು. "ಟೂರಿಂಗ್ ಸಾರ್," ಎಂದರು. "ಮುಳುಗೋ ತನಕ ಭದ್ರ ಅಂತಾದ್ರೂ ಅನ್ಸುತ್ತೆ."

ಅಧಿಕಾರಿಗಳು ನಮೂನೆಯನ್ನು ಬಿಡಿಸಿದರು. ಕಯಾಕಿನ ಬಗೆಯ ಮುಂದೆ ಗುರುತು ಹಾಕಿ, ಕೆಳಗೆ ತಮ್ಮ ಹೆಸರನ್ನು ಬರೆದರು. ಕೊನೆಯ ಅಂಕಣದಲ್ಲಿ 'ಈಜು ಬರುತ್ತದೆಯೇ?' ಎಂದಿತ್ತು. ಅವರು ಕಿಟಕಿಯ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, 'ಚೆನ್ನಾಗಿ ಬರುತ್ತದೆ' ಎಂದು ಬರೆದು ನಮೂನೆಯನ್ನು ರಾಯರ ಕಡೆ ತಳ್ಳಿದರು.

ಎರಡನೆಯ ಸಾಲಿನಲ್ಲಿ ರಾಯರು ತಮ್ಮ ಹೆಸರನ್ನು ಬರೆದರು. ಕೊನೆಯ ಅಂಕಣದ ಎದುರು ಪೆನ್ನು ನಿಂತಿತು. ಸತ್ಯವನ್ನು ಬರೆಯುವ ಧೈರ್ಯ ಅವರಿಗಿರಲಿಲ್ಲ. ಸುಳ್ಳನ್ನು ಬರೆಯುವ ಅಭ್ಯಾಸವಿರಲಿಲ್ಲ. ಖಾಲಿ ಬಿಡುವುದಂತೂ ಸಾಧ್ಯವೇ ಇರಲಿಲ್ಲ.

ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ರಾಯರು ಬರೆದರು: ಮೇಲಿನಂತೆ.