ಯಾರೂ ಕೇಳಿರದ ಹಾಡು

ಚಾಳೀಸಣ್ಣನಿಗೆ ಅಂದು ಬೆಳಗ್ಗೆಯೇ ಪಿತ್ತ ನೆತ್ತಿಗೇರಿತ್ತು. ಕನ್ನಡಕದ ಅಂಗಡಿಗೆ ರಜೆ ಹಾಕಿ, ವರ್ಷವಿಡೀ ಕಾದಿದ್ದ ಸರದಿಗೆ ಸಜ್ಜಾಗಿ ಕೂತಿದ್ದರೆ, ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡು ಗೋಡೆ ಗುದ್ದುತ್ತಿದ್ದರು.

ಅಂತಿಂಥ ಸರದಿಯಲ್ಲ ಅದು. ಊರೂರಿನ ಜನ ಆನ್‌ಲೈನಿನಲ್ಲಿ ಸೇರಿ, ಯಾರೂ ಕೇಳಿರದ ಸಂಗೀತವನ್ನು ಹುಡುಕಿ ತಂದು ಒಟ್ಟಿಗೆ ಕೇಳುವ ಬಳಗವದು. ವಾರಕ್ಕೊಬ್ಬರ ಸರದಿ. ಹಾಡು ಮುಗಿದ ಮೇಲೆ 'ಮೊದಲೇ ಕೇಳಿದೀನಿ' ಎಂದು ಒಬ್ಬರು ಕೈಯೆತ್ತಿದರೂ ಸಾಕು, ತಂದವನು ಮತ್ತೆ ಸಾಲಿನ ಕೊನೆಗೆ. ಹೋದ ಸಲ ಚಾಳೀಸಣ್ಣನಿಗೆ ಹಾಗೇ ಆಗಿ ಮಾನ ಹೋಗಿತ್ತು. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಅವನ ಮಾತಿಗೆ ಯಾರೂ ಕಿವಿ ಕೊಡುವವರಲ್ಲ. 'ಭಲೇ' ಅನ್ನಿಸಿಕೊಳ್ಳಲು ಅವನಿಗಿದ್ದದ್ದು ಆ ಬಳಗವೊಂದೇ.

ಈ ಸಲ ಕನ್ನಡಕ ಮಾಡಿಸಲು ಬಂದಿದ್ದ ಹಡಗಿನ ಅಡುಗೆಯವನ ಕೈಕಾಲು ಹಿಡಿದು, ಯಾವುದೋ ದ್ವೀಪದಲ್ಲಿ ಬಲೆ ಎಳೆಯುವವರು ಬರೀ ಮೂಗಿನಲ್ಲಿ ಹಾಡುವ ಹಾಡನ್ನು ಅವನ ಫೋನಿನಿಂದ ಇಳಿಸಿಕೊಂಡಿದ್ದ. ಅದಕ್ಕೆ ತಕ್ಕ ಹಾಗೆ ಸ್ಪೀಕರು ಹದ ಮಾಡುತ್ತ ಬೆಳಗ್ಗೆಯಿಂದ ಅದನ್ನೇ ಹಾಕಿ ನೋಡುತ್ತಿದ್ದ.

"ಏನ್ರೀ ಅದು, ಎಮ್ಮೆಗೆ ನೆಗಡಿ ಬಂದಂಗೆ?" ಗೋಡೆಯಾಚೆಯಿಂದ ಗಾರ್ಡು ಗದರಿದರು.

"ಸಂಗೀತ ಸಾರ್. ನಿಮಗೆಲ್ಲಿ ಅರ್ಥ ಆಗ್ಬೇಕು."

"ರೈಲನ್ನೇ ನಿಲ್ಸಿದವನು ನಾನು. ನಿಮ್ಮನ್ನ ನಿಲ್ಸೋದು ಎಷ್ಟರ ಮಾತು?"

ಅಂದವರೇ ಮೆಟ್ಟಿಲ ಬಳಿಯ ಮೀಟರು ಬೋರ್ಡಿಗೆ ಹೋಗಿ ಚಾಳೀಸಣ್ಣನ ಮನೆಯ ಫ್ಯೂಸು ಕಿತ್ತು ಜೇಬಿಗಿಟ್ಟುಕೊಂಡರು. ಸ್ಪೀಕರು ಸತ್ತಿತು, ಇಂಟರ್ನೆಟ್ಟೂ ಸತ್ತಿತು. ಚಾಳೀಸಣ್ಣ ಉರಿದುಬಿದ್ದು ಹೊರಗೆ ಓಡಿದ.

"ಕೊಡ್ರೀ ಫ್ಯೂಸು! ಏನು ನಿಮ್ಮಪ್ಪನ ಮನೆ ಕರೆಂಟಾ?"

ಮಹಡಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಒಬ್ಬರಾದರೂ ಇವನ ಪರ ಮಾತಾಡಲಿಲ್ಲ. ಹೆಂಡತಿಯೇ ಹೊರಬಂದು, "ಗಾರ್ಡಣ್ಣಾ, ಫ್ಯೂಸು ನಾಳೆ ಕೊಟ್ರೂ ಸಾಕು. ನನ್ನ ತಲೆ ಸಿಡೀತಿದೆ" ಅಂದಳು.

ಚಾಳೀಸಣ್ಣ ಹಲ್ಲು ಕಡಿದ. ಸರದಿಗೆ ಇನ್ನು ಅರ್ಧ ಗಂಟೆಯೂ ಇರಲಿಲ್ಲ. ಗಾರ್ಡಿನ ಕುತ್ತಿಗೆ ಹಿಚುಕುವಷ್ಟು ಸಿಟ್ಟಿದ್ದರೂ ಅದನ್ನು ನುಂಗಿ, ಕೈ ಮುಗಿದ.

"ಸಾರ್, ಏನೋ ಬಾಯಿತಪ್ಪಿ ಅಂದೆ. ನಿಮ್ಮಂಥ ಅನುಭವಸ್ಥರು ನಮ್ಮ ಬಳಗಕ್ಕೆ ಬರ್ಬೇಕು. ಈಗಲೇ ಸದಸ್ಯರನ್ನಾಗಿ ಮಾಡ್ತೀನಿ."

"ನನ್ನ ಮಾತು ಅಲ್ಲಿ ಕೇಳ್ತಾರಾ?" ಗಾರ್ಡು ಮೆತ್ತಗಾದರು.

"ಕೇಳೋದೇ ಅವರ ಕೆಲಸ ಸಾರ್."

ಫ್ಯೂಸು ಕೈಗೆ ಬಂತು. ಚಾಳೀಸಣ್ಣನೇ ಗಾರ್ಡಿನ ಫೋನು ತೆಗೆದುಕೊಂಡು ಅವರ ಹೆಸರು ಸೇರಿಸಿ, ಕೈ ಎತ್ತುವ ಗುಂಡಿ ಯಾವುದು ಎನ್ನುವುದನ್ನೂ ತೋರಿಸಿಕೊಟ್ಟ.

ಹಾಡು ಶುರುವಾಯಿತು. ಇಡೀ ಬಳಗ ಉಸಿರು ಬಿಗಿಹಿಡಿದು ಕೇಳಿತು. ಮುಗಿದಾಗ ಅಡ್ಮಿನ್ ಮೇಡಂ ಕಣ್ಣೊರೆಸಿಕೊಂಡರು. "ಇಂಥದ್ದು ಈ ಬಳಗಕ್ಕೆ ಬಂದೇ ಇರ್ಲಿಲ್ಲ. ಇದನ್ನ ಮೊದಲೇ ಯಾರಾದ್ರೂ ಕೇಳಿದೀರಾ?"

ಯಾರೂ ಮಿಸುಕಲಿಲ್ಲ. ಚಾಳೀಸಣ್ಣನ ಎದೆ ಉಬ್ಬಿತು. ಆಗ ಪರದೆಯ ಮೂಲೆಯಲ್ಲಿ ಒಂದು ಕೈ ಮೇಲೆದ್ದಿತು.

"ನಾನು ಕೇಳಿದೀನಿ ಮೇಡಂ," ಅಂದರು ಗಾರ್ಡು. "ಬೆಳಗ್ಗೆಯಿಂದ ಕೇಳ್ತಾನೇ ಇದೀನಿ. ಸುಳ್ಳು ಯಾಕೆ ಹೇಳ್ಲಿ?"

"ಅಯ್ಯೋ ಪಾಪಿ! ಅದು ನನ್ನ ಮನೆಯಿಂದ ಕೇಳಿದ್ದು ಕಣ್ರೀ!" ಚಾಳೀಸಣ್ಣ ಕಿರುಚಿದ. ಇನ್ನೂ ಏನೇನೋ ಅಂದ, ಅಚ್ಚು ಹಾಕುವಂಥದ್ದಲ್ಲ.

"ನಿಯಮ ನಿಯಮವೇ," ಎಂದು ಮೇಡಂ ಅವನ ದನಿ, ಚಿತ್ರ, ಕೈ ಎತ್ತುವ ಗುಂಡಿ ಮೂರನ್ನೂ ಮುಚ್ಚಿದರು. "ಉಳಿದ ಹೊತ್ತು ಹೊಸ ಸದಸ್ಯರಿಗೆ. ಯಾರೂ ಕೇಳಿರದ್ದು ನಿಮ್ಮ ಹತ್ರ ಏನಾದ್ರೂ ಇದೆಯಾ ಸಾರ್?"

"ಇದೆಯಲ್ಲ. ಒಂದು ಚೊಂಬು ನೀರು ತರ್ತೀನಿ, ಇರಿ."

ಗಾರ್ಡು ಕತ್ತು ಮೇಲೆತ್ತಿ ಬಾಯಿ ಮುಕ್ಕಳಿಸುತ್ತ ಗಳಗಳ ರಾಗ ತೆಗೆದರು. ಬಳಗ ಬೆರಗಾಯಿತು. ಮೇಡಂ ಮತ್ತೆ ಕಣ್ಣೊರೆಸಿಕೊಂಡು ಕೇಳಿದರು, "ಇದನ್ನ ಮೊದಲೇ ಯಾರಾದ್ರೂ ಕೇಳಿದೀರಾ?"

ಬಚ್ಚಲ ಗೋಡೆಯ ಮೂಲಕ ದಿನಾ ಬೆಳಗ್ಗೆ ಆ ರಾಗ ಕೇಳಿಯೇ ಏಳುತ್ತಿದ್ದ ಚಾಳೀಸಣ್ಣ, ಪರದೆಯಲ್ಲಿ ಕಪ್ಪಾಗಿದ್ದ ತನ್ನ ಚೌಕದ ಮುಂದೆ ಎರಡೂ ಕೈಯೆತ್ತಿ ಗಂಟಲು ಹರಿಯುವಂತೆ ಕೂಗಿದ.

"ಸುಮ್ನಿರ್ತೀರಾ ಸ್ವಲ್ಪ?" ಒಳಗಿನಿಂದ ಹೆಂಡತಿ ಗದರಿದಳು. "ಗಾರ್ಡಣ್ಣ ಹಾಡೋದನ್ನ ಕೇಳ್ತಿದೀನಿ."